ಸತ್ರ, ಸರಾಯಿ, ಬಂಗಲೆ: ಕನ್ನಡನಾಡಿನ ಪ್ರಾಚೀನ ಕಟ್ಟಡಗಳೂ ಪಥಿಕರ ತಂಗುದಾಣಗಳೂ

೧

ಪ್ರಾಚೀನರು ಪುಣ್ಯಸಾಧನಗಳೆಂದು ಗಣಿಸಿದ ಸಪ್ತಸಂತಾನಗಳ ಹೆಸರುಗಳು ಕನ್ನಡ ಕಾವ್ಯಗಳನ್ನೂ ಶಾಸನಗಳನ್ನೂ ಓದಿದವರಿಗೆಲ್ಲ ಪರಿಚಿತವಾದುವು. ಪುತ್ರ, ಕೆರೆ, ನಿಧಿ, ಅಗ್ರಹಾರ, ದೇವಾಲಯ, ಉಪವನ, ಕಾವ್ಯ ಎಂಬಿವೇ ರೂಢಿಯಲ್ಲಿರುವ ಏಳು. ದಾರಿ ನಡೆದು ದಣಿದವನಿಗೆ ನೆರಳನ್ನೂ ಅನ್ನವನ್ನೂ ಕೊಡುವ ಸತ್ರವು ಈ ಏಳರಲ್ಲಿ ಸೇರಿಲ್ಲ. ಇದನ್ನು ಕಂಡು, ಪಥಿಕರ ವಿಷಯದಲ್ಲಿ ಪೂರ್ವಿಕರು ಉದಾಸೀನರಾಗಿದ್ದರೆಂದು ಊಹಿಸುವುದು ಸರಿಯಾಗಲಾರದು. ಅನ್ನದಾನಕ್ಕಾಗಿ ಭೂಮಿಯನ್ನು ಬಿಟ್ಟ ಶಾಸನಗಳು ನಾಡಿನ ಎಲ್ಲ ಭಾಗಗಳಲ್ಲಿಯೂ ದೊರೆತಿವೆ. ಸತ್ರವು ಪಟ್ಟಿಯಲ್ಲಿ ಬೇರೆಯಾಗಿ ಕಾಣದಿರುವುದಕ್ಕೆ ಕಾರಣವನ್ನು ಅದರ ಇರವಿನ ರೀತಿಯಲ್ಲಿಯೇ ಹುಡುಕಬೇಕು. ಸತ್ರವು ಬಹುಮಟ್ಟಿಗೆ ತಾನಾಗಿ ನಿಂತ ಕಟ್ಟಡವಾಗಿರಲಿಲ್ಲ. ದೇವಾಲಯದ ಮೊಗಸಾಲೆಯಲ್ಲಿ, ಮಠದ ಪಡಸಾಲೆಯಲ್ಲಿ, ಅಗ್ರಹಾರದ ಜಗಲಿಯಲ್ಲಿ, ಕೆರೆಯ ಏರಿಯ ಮಗ್ಗುಲಿನ ಮಂಟಪದಲ್ಲಿ, ತೋಪಿನ ನೆರಳಿನಲ್ಲಿ ಅದು ಇದ್ದಿತು. ಏಳು ಸಂತಾನಗಳಲ್ಲಿ ನಾಲ್ಕರ ಮಡಿಲಿನಲ್ಲಿ ಬೆಳೆದುದರಿಂದ ಅದಕ್ಕೆ ಎಂಟನೆಯ ಸ್ಥಾನವು ಬೇಕಾಗಲಿಲ್ಲವೆಂದು ಹೇಳಬಹುದು.

ಈಚಿನ ವರ್ಷಗಳಲ್ಲಿ ಹಳೆಯ ಅರಮನೆ, ಮನೆ, ಬಂಗಲೆಗಳನ್ನು ಪ್ರವಾಸಿಗಳ ವಿಶ್ರಾಂತಿಗೃಹಗಳನ್ನಾಗಿ ಮಾರ್ಪಡಿಸುವ ಉದ್ಯಮವು ಎಲ್ಲೆಡೆಯಲ್ಲಿಯೂ ಹಬ್ಬಿರುವುದು. ಇದರಿಂದ ಪ್ರಾಚೀನ ಕಟ್ಟಡಗಳು ಉಳಿಯುವುವೆಂದು ಕೆಲವರು, ಕೆಡುವುವೆಂದು ಕೆಲವರು ವಾದಿಸುವರು. ಈ ವಾದವು ಹೊಸದಲ್ಲ. ಕನ್ನಡನಾಡಿನಲ್ಲಿ ಈ ಪ್ರಯೋಗವು ನೂರಾರು ವರ್ಷಗಳಿಂದ ಬೇರೆ ಬೇರೆ ರೂಪಗಳಲ್ಲಿ ನಡೆದು, ಅದರ ಫಲವೂ ಕಣ್ಣಿಗೆ ಕಾಣುವಂತಿದೆ. ಆ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದಗಳನ್ನು ವಿಚಾರಿಸಬೇಕು. ‘ಸತ್ರ’ವೆಂಬುದು ವೈದಿಕ ಪರಿಭಾಷೆಯಲ್ಲಿ ಅನೇಕ ಋತ್ವಿಜರು ಕೂಡಿ ಬಹುದಿನಗಳವರೆಗೆ ನಡಸುವ ಸೋಮಯಾಗದ ಹೆಸರು. ಅದರಲ್ಲಿ ಯಜಮಾನನು ಬೇರೆ, ಋತ್ವಿಜರು ಬೇರೆ ಎಂಬ ಭೇದವಿಲ್ಲ. ಎಲ್ಲರೂ ಯಜಮಾನರೇ, ಫಲವೂ ಎಲ್ಲರಿಗೆ ಸಮಾನ. ಬಹುಕಾಲ ಎಡೆಬಿಡದೆ ನಡೆಯುವುದು, ಬಹುಜನರಿಗೆ ಸಲ್ಲುವುದು ಎಂಬ ಈ ಎರಡು ಗುಣಗಳಿಂದಲೇ ಆ ಶಬ್ದವು ನಿತ್ಯಾನ್ನದಾನಕ್ಕೂ, ಅನಂತರ ಅನ್ನದಾನವು ನಡೆಯುವ ಸ್ಥಳಕ್ಕೂ ಸಂದಿತು. ‘ಛತ್ರ’ಕ್ಕೆ ಸಂಸ್ಕೃತದಲ್ಲಿ ಕೊಡೆಯೆಂದರ್ಥ. ತಮಿಳಿನ ‘ಶತ್ತಿರಂ’ ಎಂಬುದು ‘ಸತ್ರ’ದಿಂದಲೇ ಬಂದುದು. ಕನ್ನಡದ ಜನರ ಬಾಯಲ್ಲಿ ಸತ್ರವು ಛತ್ರದೊಡನೆ ಕಲೆತುಹೋಯಿತು. ಬಿಸಿಲುಮಳೆಗಳಿಂದ ಕಾಪಾಡುವುದು ಎರಡಕ್ಕೂ ಸಮಾನಧರ್ಮವಾದುದರಿಂದ ಈ ಬೆರಕೆಯು ಯಾರಿಗೂ ತೊಡಕಾಗಿ ತೋರಲಿಲ್ಲ.

‘ಅರವಟ್ಟಿಗೆ’ಯು ಇನ್ನೂ ಸರಳವಾದುದು, ಬೇಸಗೆಯಲ್ಲಿ ದಾರಿಹೋಕರಿಗೆ ನೀರನ್ನು ಕೊಡುವ ಚಪ್ಪರ. ಸಂಸ್ಕೃತದಲ್ಲಿ ಇದಕ್ಕೆ ‘ಪ್ರಪಾ’ ಎಂದು ಹೆಸರು. ‘ಚಾವಡಿ’ಯು ಊರಿನ ಲೆಕ್ಕಪತ್ರ, ನ್ಯಾಯಪಂಚಾಯಿತಿಗಳ ಸ್ಥಳವಾಗಿದ್ದು, ರಾತ್ರಿಯಲ್ಲಿ ಪರಸ್ಥಳದವನಿಗೆ ಮಲಗುವ ಎಡೆಯೂ ಆಗುತ್ತಿತ್ತು. ಇಂಗ್ಲಿಷರು ದಕ್ಷಿಣದ ಛತ್ರಗಳಿಗೆ ‘ಚೌಲ್ಟ್ರಿ’ ಎಂದು ಕೊಟ್ಟ ಹೆಸರು ಈ ಚಾವಡಿಯಿಂದಲೇ ಹುಟ್ಟಿದುದು. ಪಾರಸಿಯಿಂದ ‘ಸರಾಯಿ’ ಮತ್ತು ‘ಮುಸಾಫರಖಾನೆ’ಗಳೂ, ಬಂಗಾಳದ ಮನೆಯ ಹೆಸರಿನಿಂದ ‘ಬಂಗಲೆ’ಯೂ ಬಂದುವು. ಪಥಿಕನ ಮನೆಗೆ ಈ ನಾಡಿನಲ್ಲಿ ಎಷ್ಟು ಆಳಿಕೆಗಳು ಬಂದುವೋ ಅಷ್ಟು ಹೆಸರುಗಳು ಏರ್ಪಟ್ಟವೆಂಬುದನ್ನು ಇಲ್ಲಿ ಗಮನಿಸಬಹುದು.

೩

ಶಾಸನಕಾಲದ ವ್ಯವಸ್ಥೆಯ ಸ್ವರೂಪವನ್ನು ತಿಳಿಯಲು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠದ ಕ್ರಿ. ಶ. ೧೧೬೨ರ ಶಾಸನಕ್ಕಿಂತ ಉತ್ತಮವಾದ ಸಾಧನವಿಲ್ಲ. ದಕ್ಷಿಣಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಮಠವನ್ನು ಶಾಸನಕವಿಯು ವರ್ಣಿಸುವಾಗ, ಅದು ವೇದ, ವ್ಯಾಕರಣ, ದರ್ಶನ, ಪುರಾಣಗಳ ವ್ಯಾಸಂಗಸ್ಥಾನವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಕಥೆ ಹೇಳುವವರು, ನಾನಾದೇಶಗಳಿಂದ ಬಂದ ಭಿಕ್ಷುಕರು, ನಾನಾ ಮತಗಳ ಸಂನ್ಯಾಸಿಗಳು, ಇವರೆಲ್ಲರಿಗೆ ಅಲ್ಲಿ ಅನ್ನವುಂಟು, ರೋಗಿಗಳಿಗೆ ಔಷಧವುಂಟು, ಸಕಲ ಪ್ರಾಣಿಗಳಿಗೂ ಅಭಯವುಂಟು ಎಂದು ವಿವರಿಸಿರುವನು. ಶಾಲೆ, ಆಸ್ಪತ್ರೆ, ಭೋಜನಶಾಲೆ, ತಂಗುದಾಣಗಳು ಇಲ್ಲಿ ನಾಲ್ಕು ಸಂಸ್ಥೆಗಳಲ್ಲ. ಒಂದೇ ಮಠದ ನಾಲ್ಕು ಕೆಲಸಗಳು. ಬಂದವನನ್ನು ಇಂಥವನೆಂದು ವಿಚಾರಿಸಿ ಹೊರಗಿಡುವ ಮಾತು ಆ ವರ್ಣನೆಯಲ್ಲಿಲ್ಲ.

ಎಲ್ಲ ಸತ್ರಗಳೂ ಇಷ್ಟು ಉದಾರವಾಗಿದ್ದುವೆಂದು ಹೇಳಲಾಗದು. ಬ್ರಾಹ್ಮಣಭೋಜನಕ್ಕೆಂದೇ ಬಿಟ್ಟ ದತ್ತಿಗಳು ಅನೇಕವಿವೆ. ಮತಭೇದ ಜಾತಿಭೇದಗಳಿಗೆ ಅನುಸಾರವಾಗಿ ಪಙ್ಕ್ತಿಯೂ ಮಲಗುವ ಸ್ಥಳವೂ ಬೇರೆಯಾಗುತ್ತಿದ್ದುವು. ಕೆಲವರಿಗೆ ಊರ ಹೊರಗಿನ ಮರದ ನೆರಳೇ ಗತಿಯಾಗಿದ್ದಿತು. ಈ ದೋಷವನ್ನು ಮರೆಮಾಡಿ ಹಳೆಯ ಕಾಲವನ್ನು ಹೊಗಳುವುದು ಚರಿತ್ರಕಾರನ ಧರ್ಮವಲ್ಲ.

ಆದರೆ ದಾನಶಾಸನಗಳಲ್ಲಿ ಮತ್ತೊಂದು ಅಂಶವು ಎದ್ದು ಕಾಣುವುದು. ದತ್ತಿಯ ಉದ್ದೇಶಗಳನ್ನು ಎಣಿಸುವಾಗ ದೇವರ ಅಂಗಭೋಗ, ತಪೋಧನರ ಆಹಾರದಾನ ಇವುಗಳ ಜೊತೆಯಲ್ಲಿಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಬರುವುದು. ಮುರಿದುದನ್ನು, ಬಿರಿದುದನ್ನು, ಶಿಥಿಲವಾದುದನ್ನು ಸರಿಪಡಿಸುವುದೆಂದು ಇದರ ಅರ್ಥ. ಕಟ್ಟಿಸಿದವನು ಕಟ್ಟಡವನ್ನು ಮಾತ್ರ ಬಿಟ್ಟುಹೋಗದೆ, ಅದು ಬಿರಿಯುವ ದಿನವನ್ನೂ ಮುಂಗಂಡು ಅದಕ್ಕಾಗಿ ಭೂಮಿಯನ್ನು ಬಿಟ್ಟುಹೋಗುತ್ತಿದ್ದನು. ಅತಿಥಿಯ ಅನ್ನಕ್ಕೂ ಗೋಡೆಯ ಗಾರೆಗೂ ಮೂಲಧನವು ಒಂದೇ ಆಗಿದ್ದಿತು. ಆ ಭೂಮಿಯ ಉತ್ಪನ್ನವು ಬರುವವರೆಗೆ ಎರಡೂ ನಡೆಯುತ್ತಿದ್ದುವು. ಅದು ತಪ್ಪಿದಾಗ ಎರಡೂ ನಿಲ್ಲುತ್ತಿದ್ದುವು.

೪

ಈ ವ್ಯವಸ್ಥೆಯನ್ನು ಹೊರಗಿನವನೊಬ್ಬನು ಕಣ್ಣಾರೆ ಕಂಡು ಬರೆದ ವೃತ್ತಾಂತವು ರೋಮಿನ ಯಾತ್ರಿಕನಾದ ಪಿಯೆತ್ರೋ ದೆಲ್ಲಾ ವಾಲ್ಲೆಯದು. ಈತನು ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯ ಸಂಗಡ ಗೋವೆಯಿಂದ ಹೊನ್ನಾವರಕ್ಕೂ, ಅಲ್ಲಿಂದ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನು ಹತ್ತಿ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೂ ಹೋದನು. ದಾರಿಯ ಊರುಗಳಲ್ಲಿ ರಾಯಭಾರಿಯ ಪರಿವಾರಕ್ಕೆ ದೇವಾಲಯಗಳೇ ತಂಗುದಾಣಗಳಾದುವು. ಹೀಗೆ ಒಂದೆಡೆಯಲ್ಲಿ ಹೊರೆಗಳನ್ನು ಸಿದ್ಧಪಡಿಸುತ್ತಿರುವಾಗ ದೇವಾಲಯದ ಮೊಗಸಾಲೆಯಲ್ಲಿ ಕೆಲವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆದು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ನೋಡಿದನು. ಕಾಗದವನ್ನು ವ್ಯಯಮಾಡದೆ ಪಾಠವು ಬಾಯಿಗೂ ಕೈಗೂ ಒಟ್ಟಿಗೆ ಬರುವ ಈ ಕ್ರಮವು ಅವನ ಮೆಚ್ಚಿಕೆಗೆ ಪಾತ್ರವಾಯಿತು.

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಈ ಪ್ರಸಂಗವನ್ನು ಆಗಾಗ ಎತ್ತಿ ಹೇಳುವುದುಂಟು. ಪ್ರಕೃತ ವಿಷಯಕ್ಕೂ ಅದು ಅಷ್ಟೇ ಮುಖ್ಯವಾದುದು. ಒಂದೇ ಮೊಗಸಾಲೆಯು ಒಂದೇ ಹೊತ್ತಿನಲ್ಲಿ ದೇವರ ಮುಂಗಡೆಯೂ, ಊರಿನ ಮಠಶಾಲೆಯೂ, ಪರದೇಶದವನ ಬಿಡಾರವೂ ಆಗಿದ್ದಿತು. ಅತಿಥಿಯು ಬಂದನೆಂದು ಪಾಠವು ನಿಲ್ಲಲಿಲ್ಲ; ಪಾಠವು ನಡೆಯುತ್ತಿದೆಯೆಂದು ಅತಿಥಿಯನ್ನು ಹೊರಗೆ ಕಳುಹಿಸಲಿಲ್ಲ. ಕಟ್ಟಡದ ಮೂಲಜೀವನವು ಮುರಿಯದೆ ನಡೆಯುತ್ತಿದ್ದುದರಿಂದಲೇ ದೆಲ್ಲಾ ವಾಲ್ಲೆಗೆ ನೋಡುವುದಕ್ಕೂ ಬರೆಯುವುದಕ್ಕೂ ಒಂದು ವಿಷಯವು ದೊರೆಯಿತು.

೫

ಬಿಜಾಪುರದ ಚರಿತ್ರೆಯು ಇದಕ್ಕೆ ತೀರ ವಿರುದ್ಧವಾದ ಚಿತ್ರವನ್ನು ಕೊಡುವುದು. ೨೦೧೪ರಿಂದ ವಿಜಯಪುರವೆಂದು ಕರೆಯಲ್ಪಡುವ ಈ ನಗರವು ಆದಿಲ್‌ಶಾಹಿಗಳ ಕಾಲದಲ್ಲಿ ದಖ್ಖಣದ ದೊಡ್ಡ ವ್ಯಾಪಾರಸ್ಥಳವಾಗಿದ್ದು, ದೂರದೇಶಗಳ ವರ್ತಕರಿಗಾಗಿ ಸರಾಯಿಗಳನ್ನು ಪಡೆದಿತ್ತು. ೧೬೮೬ರಲ್ಲಿ ಔರಂಗಜೇಬನಿಗೆ ವಶವಾದ ಮೇಲೆ ಅದರ ವೈಭವವು ಇಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರು ಜಿಲ್ಲೆಯ ಮುಖ್ಯಸ್ಥಳವನ್ನು ಕಲಾದಗಿಯಿಂದ ಬಿಜಾಪುರಕ್ಕೆ ಬದಲಾಯಿಸಿದಾಗ ಕಛೇರಿಗಳಿಗೂ ಅಧಿಕಾರಿಗಳಿಗೂ ಮನೆಗಳು ಬೇಕಾದುವು. ಹೊಸ ಕಟ್ಟಡಗಳನ್ನು ಕಟ್ಟುವುದಕ್ಕಿಂತ ಹಳೆಯವನ್ನು ಹಿಡಿದುಕೊಳ್ಳುವುದು ಸುಲಭವಾಗಿ ಕಂಡಿತು. ಕೋಟೆಯೊಳಗಿನ ಅರಮನೆಗಳಲ್ಲಿ ಕಛೇರಿಗಳು ನೆಲಸಿದುವು. ಒಂದು ಮಸೀದಿಯಲ್ಲಿ ಅಂಚೆಯ ಕಛೇರಿಯು ಕುಳಿತಿತು. ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಲಗುಮ್ಮಟದ ಪಡುವಣ ಮಗ್ಗುಲಿನ ಮಸೀದಿಯು ಪ್ರಯಾಣಿಕರ ಬಂಗಲೆಯಾಯಿತು. ಪಥಿಕರಿಗಾಗಿಯೇ ಕಟ್ಟಿದ್ದ, ಮುಸ್ತಫಾಖಾನನ ಹೆಸರಿನ ದೊಡ್ಡ ಸರಾಯಿಯು ಕಾರಾಗೃಹವಾಯಿತು.

ಪಥಿಕರ ಮನೆಯಲ್ಲಿ ಕೈದಿಗಳೂ, ಪ್ರಾರ್ಥನೆಯ ಮನೆಯಲ್ಲಿ ಪಥಿಕರೂ ವಾಸಮಾಡಬೇಕಾಗಿ ಬಂದ ಈ ವಿಪರ್ಯಾಸಕ್ಕೆ ಯಾರ ದ್ವೇಷವೂ ಕಾರಣವಲ್ಲ. ಕಟ್ಟಡವೆಂದರೆ ಗೋಡೆ ಮತ್ತು ಮಾಳಿಗೆ ಮಾತ್ರವೆಂಬ ತಿಳಿವಳಿಕೆಯೇ ಕಾರಣ. ಗೋಡೆಯು ಬಲವಾಗಿದ್ದರೆ ಸೆರೆಮನೆ, ಗಾಳಿಬೆಳಕು ಚೆನ್ನಾಗಿದ್ದರೆ ಬಂಗಲೆ. ಆ ಗೋಡೆಯು ಯಾತಕ್ಕಾಗಿ ಎದ್ದಿತೆಂಬ ಪ್ರಶ್ನೆಯು ಅಲ್ಲಿ ಏಳಲೇ ಇಲ್ಲ.

ಇದೇ ಕಾಲದಲ್ಲಿ ಹಂಪೆಯ ಸಮೀಪದ ಕಮಲಾಪುರದಲ್ಲಿ ಹಳೆಯ ದೇವಾಲಯವೊಂದು ಬಂಗಲೆಯಾಗಿ ಮಾರ್ಪಟ್ಟು, ವಿಜಯನಗರದ ಅವಶೇಷಗಳನ್ನು ನೋಡಬಂದ ಅಧಿಕಾರಿಗಳೂ ವಿದ್ವಾಂಸರೂ ಅಲ್ಲಿಯೇ ಇಳಿದುಕೊಳ್ಳುತ್ತಿದ್ದರು. ಪ್ರಾಚೀನ ಶಿಲ್ಪವನ್ನು ಅಭ್ಯಾಸಮಾಡಲು ಬಂದವರು ಪ್ರಾಚೀನ ಶಿಲ್ಪದೊಳಗೆಯೇ ಮಂಚವನ್ನು ಹಾಕಿಸಿಕೊಂಡುದು ಆ ದಿನಗಳಲ್ಲಿ ಸಹಜವೆಂದೇ ತೋರಿತು.

ಇದಕ್ಕೆ ತಡೆಯು ಬಂದುದು ಲಾರ್ಡ್ ಕರ್ಜನನ ಕಾಲದಲ್ಲಿ. ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯು ೧೯೦೪ರಲ್ಲಿ ಅಂಗೀಕಾರವಾಗುವ ಸಂದರ್ಭದಲ್ಲಿ ಮಾತನಾಡುತ್ತ ಅವನು, ಬಿಜಾಪುರದ ಒಂದು ಮಸೀದಿಯಿಂದ ಬಂಗಲೆಯನ್ನೂ ಮತ್ತೊಂದರಿಂದ ಅಂಚೆಯ ಕಛೇರಿಯನ್ನೂ ಹೊರಡಿಸಿದುದನ್ನು ತನ್ನ ಸರ್ಕಾರದ ಸಾಧನೆಗಳಲ್ಲಿ ಎಣಿಸಿದನು. ಹೊರಡಿಸಿದುದು ನ್ಯಾಯವಾಗಿಯೇ ಇತ್ತು. ಆದರೆ ಆಗ ಹುಟ್ಟಿದ ನೀತಿಯು ಸ್ಮಾರಕವೆಂದರೆ ಯಾರೂ ವಾಸಿಸದ ಕಟ್ಟಡವೆಂಬ ಭಾವನೆಯನ್ನೂ ಬೆಳಸಿತು. ಅನುಚಿತವಾದ ಬಳಕೆಯನ್ನು ತೊಲಗಿಸುವುದಕ್ಕೂ ಎಲ್ಲ ಬಳಕೆಯನ್ನೂ ತೊಲಗಿಸುವುದಕ್ಕೂ ಇರುವ ಅಂತರವನ್ನು ಮುಂದಿನವರು ಯಾವಾಗಲೂ ನೆನಪಿನಲ್ಲಿಟ್ಟುಕೊಂಡರೆಂದು ಹೇಳಲಾಗದು.

೬

ಮೈಸೂರು ಸೀಮೆಯಲ್ಲಿ ಬಂಗಲೆಗಳ ಬೆಳವಣಿಗೆಯು ಬೇರೊಂದು ರೀತಿಯಲ್ಲಿ ನಡೆಯಿತು. ೧೮೦೦ರ ಏಪ್ರಿಲ್ ೨೩ರಂದು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ದಾರಿಯ ಛತ್ರಗಳನ್ನು ಗಮನಿಸಿ ಬರೆದಿರುವನು. ಮುಂದೆ ರಸ್ತೆಗಳು ಸುಧಾರಿಸಿದಂತೆ ಅವುಗಳ ಉದ್ದಕ್ಕೂ ಬಂಗಲೆಗಳು ಎದ್ದುವು. ಹೆಂಚಿನ ಮಾಡು, ಅಗಲವಾದ ವರಾಂಡ, ಎರಡು ಮೂರು ಕೊಠಡಿಗಳು, ಹಿಂಗಡೆ ಅಡುಗೆಮನೆ, ಸುತ್ತಲೂ ಬಯಲು: ಇದೇ ಅವುಗಳ ಸಾಮಾನ್ಯರೂಪ. ಬಿ. ಎಲ್. ರೈಸರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಪ್ರತಿಯೊಂದು ಜಿಲ್ಲೆಯ ಬಂಗಲೆಗಳನ್ನೂ ತರಗತಿಗಳಾಗಿ ವಿಂಗಡಿಸಿ ಕೊಟ್ಟು, ದೇಶೀಯ ಪ್ರಯಾಣಿಕರ ಛತ್ರಗಳನ್ನು ಬೇರೆಯಾಗಿ ಹೇಳಿದೆ. ಪಥಿಕರು ಅಂದಿನಿಂದ ಎರಡು ಪಙ್ಕ್ತಿಗಳಾದರು. ಹಳೆಯ ಜಾತಿಪಙ್ಕ್ತಿಯ ದೋಷವು ಹೋಗುವ ಮೊದಲೇ ವರ್ಣದ ಮತ್ತು ಅಧಿಕಾರದ ಪಙ್ಕ್ತಿಯು ಬಂದು ಸೇರಿತು.

ಬಂಗಲೆಯು ಊರಿನ ಹೊರಗೆ ಇದ್ದಿತು. ದೇವಾಲಯದ ಮೊಗಸಾಲೆಯಲ್ಲಿ ಇಳಿದ ದೆಲ್ಲಾ ವಾಲ್ಲೆಗೆ ಊರಿನ ಮಕ್ಕಳ ಪಾಠವು ಕೇಳಿಸಿತು. ಬಂಗಲೆಯ ವರಾಂಡದಲ್ಲಿ ಕುಳಿತವನಿಗೆ ಕಾಣುತ್ತಿದ್ದವನು ಕಾವಲುಗಾರನೊಬ್ಬನೇ. ಊರು ಮತ್ತು ಅತಿಥಿ ಪರಸ್ಪರ ಅಪರಿಚಿತರಾಗಿಯೇ ಉಳಿಯುವ ವಿಶ್ರಾಂತಿಗೃಹವು ಕನ್ನಡನಾಡಿನಲ್ಲಿ ಇಲ್ಲಿಂದ ಮೊದಲಾಯಿತು. ಬೆಟ್ಟದ ವಿಹಾರಧಾಮಗಳೂ ಇದೇ ಕಾಲದವು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನರ ನಂದಿಬೆಟ್ಟದ ಮನೆಯು ಮುಂದೆ ಅತಿಥಿಗೃಹವಾಯಿತು. ೧೯೮೬ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನವು ಸೇರಿದಾಗ ದಕ್ಷಿಣ ಏಷ್ಯದ ರಾಷ್ಟ್ರಗಳ ಮುಖಂಡರು ವಿಶ್ರಾಂತಿಗಾಗಿ ಹೋದುದು ಈ ಬೆಟ್ಟಕ್ಕೇ. ವಿಶ್ರಾಂತಿಗಾಗಿಯೇ ಕಟ್ಟಿದ ಮನೆಯು ಆ ಕೆಲಸವನ್ನೇ ಮುಂದುವರಿಸಿಕೊಂಡು ಬಂದುದರಿಂದ ಅದರ ರೂಪವೂ ಹೆಚ್ಚಾಗಿ ಕೆಡದೆ ಉಳಿಯಿತು.

ಛತ್ರಗಳ ಗತಿಯು ಹೀಗಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇನಾಮುಗಳ ವಿಚಾರಣೆ ನಡೆದು, ಅನೇಕ ಕಡೆಗಳಲ್ಲಿ ಭೂಮಿಯ ಉತ್ಪನ್ನಕ್ಕೆ ಬದಲಾಗಿ ನಗದು ತಸ್ತೀಕು ಗೊತ್ತಾಯಿತು. ಧಾನ್ಯದ ಬೆಲೆಯು ಏರಿದರೂ ತಸ್ತೀಕು ಏರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಧರ್ಮಸಂಸ್ಥೆಗಳ ಮೇಲ್ವಿಚಾರಣೆಯು ಮುಜರಾಯಿ ಇಲಾಖೆಗೆ ಸೇರಿ, ೧೯೨೭ರಲ್ಲಿ ಅದಕ್ಕೆ ಒಂದು ಕಾಯಿದೆಯೂ ಆಯಿತು. ೧೯೫೫ರ ಕಾಯಿದೆಯಿಂದ ಧರ್ಮಾದಾಯದ ಇನಾಮುಗಳು ರದ್ದಾದುವು. ಉಳುವವನಿಗೆ ಭೂಮಿಯು ಸಲ್ಲಬೇಕೆಂಬ ನ್ಯಾಯವು ನಿರ್ವಿವಾದವಾದುದು. ಆದರೆ ಅತಿಥಿಯ ಅನ್ನವನ್ನೂ ಗೋಡೆಯ ಗಾರೆಯನ್ನೂ ಒಟ್ಟಿಗೆ ಕಟ್ಟಿದ್ದ ಹಳೆಯ ಗಂಟು ಅಲ್ಲಿಗೆ ಬಿಚ್ಚಿಹೋಯಿತು. ಧರ್ಮಸ್ಥಳದಂಥ ಕ್ಷೇತ್ರಗಳಲ್ಲಿ ಭಕ್ತರ ಕಾಣಿಕೆಯೇ ಮೂಲಧನವಾಗಿ ಅನ್ನದಾನವು ಇಂದಿಗೂ ನಡೆಯುತ್ತಿದೆ. ರೈಲುನಿಲ್ದಾಣದ ಬಳಿಯಲ್ಲಿ ನಗರದ ಧನಿಕರು ಕಟ್ಟಿಸಿದ ಬೆಂಗಳೂರಿನ ತೋಟದಪ್ಪನವರ ಛತ್ರ, ಮೈಸೂರಿನ ನಂಜರಾಜ ಬಹದ್ದೂರ್ ಛತ್ರ ಮುಂತಾದುವೂ ಹೆಸರಾದುವು. ಹಳ್ಳಿಯ ದಾರಿಯ ಛತ್ರಗಳಾದರೋ ಮೋಟಾರು ಬಂದ ಮೇಲೆ ಪಥಿಕರನ್ನೂ ಕಳೆದುಕೊಂಡುವು. ಇಂದಿನ ನಗರವಾಸಿಗಳ ಕನ್ನಡದಲ್ಲಿ ‘ಛತ್ರ’ವೆಂದರೆ ಬಹುಮಟ್ಟಿಗೆ ಬಾಡಿಗೆಗೆ ದೊರೆಯುವ ಮದುವೆಯ ಮನೆಯೆಂದೇ ಅರ್ಥ. ಬಹುಜನರ ಯಾಗಕ್ಕೆ ಸಂದ ಶಬ್ದವು ನಿತ್ಯಾನ್ನದಾನಕ್ಕೆ ಬಂದು, ಅಲ್ಲಿಂದ ಒಂದು ದಿನದ ಔತಣಕ್ಕೆ ಇಳಿದುದನ್ನು ಈ ಅರ್ಥಸಂಕೋಚದಲ್ಲಿ ನೋಡಬಹುದು.

೭

ಹೊರದೇಶಗಳಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಎರಡನ್ನು ಇಲ್ಲಿ ಹೋಲಿಕೆಗಾಗಿ ಹೇಳಬಹುದು. ಸ್ಪೇನ್ ದೇಶದಲ್ಲಿ ‘ಪಾರಾದೋರ್’ ಎಂಬ ಸರ್ಕಾರೀ ವಿಶ್ರಾಂತಿಗೃಹಗಳು ೧೯೨೮ರಲ್ಲಿ ಆರಂಭವಾದುವು. ಗ್ರೇದೋಸ್ ಬೆಟ್ಟದ ಮೊದಲನೆಯದು ಹೊಸ ಕಟ್ಟಡ. ಮುಂದೆ ಹಳೆಯ ಕೋಟೆಗಳೂ ಸಂನ್ಯಾಸಿಗಳ ಮಠಗಳೂ ಈ ಏರ್ಪಾಡಿಗೆ ಸೇರಿದುವು. ಇಂಗ್ಲೆಂಡಿನಲ್ಲಿ ೧೯೬೫ರಲ್ಲಿ ಜಾನ್ ಸ್ಮಿತ್ ಎಂಬವರು ತಮ್ಮ ಪತ್ನಿಯೊಡನೆ ಸ್ಥಾಪಿಸಿದ ಲ್ಯಾಂಡ್‌ಮಾರ್ಕ್ ಟ್ರಸ್ಟು, ಯಾರೂ ಕೊಳ್ಳದೆ ಬೀಳುತ್ತಿದ್ದ ಗೋಪುರ, ಹೆಬ್ಬಾಗಿಲ ಮನೆ, ಗಿರಣಿ ಮುಂತಾದ ಚಿಕ್ಕ ಕಟ್ಟಡಗಳನ್ನು ಆರಿಸಿ, ದುರಸ್ತುಮಾಡಿ, ರಜೆಯ ದಿನಗಳನ್ನು ಕಳೆಯಬಂದವರಿಗೆ ಬಾಡಿಗೆಗೆ ಕೊಡುವ ಕ್ರಮವನ್ನು ಹಿಡಿಯಿತು. ಬಂದ ಬಾಡಿಗೆಯು ಆ ಕಟ್ಟಡಗಳ ರಕ್ಷಣೆಗೆ ಸಲ್ಲುವುದು. ಸಾವಿರಾರು ಮೈಲಿಗಳಾಚೆ ಬೇರೆ ಕಾರಣಗಳಿಂದ ಹುಟ್ಟಿದ ಈ ಏರ್ಪಾಡಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರದ ತತ್ತ್ವವೇ ಮತ್ತೊಂದು ವೇಷದಲ್ಲಿ ಕಾಣುವುದು.

ಕನ್ನಡನಾಡಿನಲ್ಲಿಯೂ ಇಂಥ ಯತ್ನಗಳು ನಡೆದಿವೆ. ೧೯೨೧ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಲಲಿತಮಹಲ್ ಅರಮನೆಯು ವೈಸರಾಯ್ ಮೊದಲಾದ ಅತಿಥಿಗಳಿಗೆಂದು ಕಟ್ಟಿದುದು. ೧೯೭೪ರಲ್ಲಿ ಅದು ಹೋಟೆಲಾಯಿತು. ಕಬಿನಿಯ ದಂಡೆಯಲ್ಲಿ ಮಹಾರಾಜರ ಬೇಟೆಯ ಬಂಗಲೆಯು ವನವಿಹಾರಿಗಳ ವಸತಿಯಾಗಿದೆ. ಅತಿಥಿಗೃಹವು ಅತಿಥಿಗೃಹವಾಗಿಯೇ ಉಳಿದುದರಿಂದ ಇವುಗಳಲ್ಲಿ ಉದ್ದೇಶಭಂಗವಿಲ್ಲ. ಮಲೆನಾಡು ಕೊಡಗುಗಳ ತೋಟದ ಮನೆಗಳು ‘ಹೋಂಸ್ಟೇ’ ಎಂಬ ಹೆಸರಿನಿಂದ ಪ್ರವಾಸಿಗಳನ್ನು ಬರಮಾಡಿಕೊಳ್ಳುತ್ತಿರುವುದೂ, ಮನೆಯವರು ಅಲ್ಲಿಯೇ ವಾಸವಾಗಿರುವವರೆಗೆ, ಹಳೆಯ ಜಗಲಿಯ ಸಂಪ್ರದಾಯಕ್ಕೆ ಸಮೀಪವಾದುದೇ.

ಹಂಪೆಯಲ್ಲಿ ಮಾತ್ರ ಈ ಪ್ರಶ್ನೆಯು ಕಠಿನವಾಗಿ ಪರಿಣಮಿಸಿತು. ವಿರೂಪಾಕ್ಷ ದೇವಾಲಯದ ಮುಂದಣ ರಥಬೀದಿಯ ಕಲ್ಲಿನ ಮಂಟಪಗಳಲ್ಲಿ ಜನರು ಬಹುಕಾಲದಿಂದ ಮನೆಗಳನ್ನೂ ಅಂಗಡಿಗಳನ್ನೂ ಮಾಡಿಕೊಂಡು, ಯಾತ್ರಿಕರಿಗೂ ಪ್ರವಾಸಿಗಳಿಗೂ ಅನ್ನವನ್ನೂ ಇತರ ಸೌಕರ್ಯಗಳನ್ನೂ ಒದಗಿಸುತ್ತಿದ್ದರು. ಹೊಸ ಗೋಡೆಗಳೂ ಮಾಡುಗಳೂ ಮಂಟಪಗಳ ರೂಪವನ್ನು ಕೆಡಿಸಿದ್ದುವೆಂಬುದು ನಿಜ. ೨೦೧೧ರ ಜುಲೈ ತಿಂಗಳಿನಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ೨೦೨೦ರ ಮಾರ್ಚಿಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ, ನದಿಯ ಆಚೆಯ ವಿರೂಪಾಪುರಗಡ್ಡೆಯ ಪ್ರವಾಸಿವಸತಿಗಳೂ ನೆಲಸಮವಾದುವು. ಈ ಎರಡು ಘಟನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಗಡ್ಡೆಯ ವಸತಿಗಳು ಈಚೆಗೆ ವ್ಯಾಪಾರಕ್ಕಾಗಿ ಎದ್ದುವು. ರಥಬೀದಿಯಾದರೋ ವಿಜಯನಗರದ ಕಾಲದಿಂದಲೂ ಅಂಗಡಿಗಳ ಮತ್ತು ಪರಸ್ಥಳದವರ ಬೀದಿ. ಬಿಜಾಪುರದ ಮಸೀದಿಯಿಂದ ಬಂಗಲೆಯನ್ನು ತೆಗೆದಾಗ ಕಟ್ಟಡಕ್ಕೆ ಅದರ ಗೌರವವು ಮರಳಿ ಬಂದಿತು. ಹಂಪೆಯ ರಥಬೀದಿಯಿಂದ ಜನರನ್ನು ತೆಗೆದಾಗ ಕಲ್ಲುಗಳಿಗೆ ಅವುಗಳ ರೂಪವು ಮರಳಿತು, ಬೀದಿಗೆ ಅದರ ಕೆಲಸವು ತಪ್ಪಿತು.

೮

ಇದುವರೆಗೆ ಹೇಳಿದುದರಿಂದ ಕೆಲವು ತೀರ್ಮಾನಗಳು ಸಿದ್ಧಿಸುವುವು. ಹಳೆಯ ಕಟ್ಟಡದಲ್ಲಿ ಪಥಿಕರನ್ನು ಇಳಿಸುವುದು ತಾನಾಗಿ ದೋಷವೂ ಅಲ್ಲ, ಗುಣವೂ ಅಲ್ಲ. ಕಟ್ಟಡದ ಮೂಲೋದ್ದೇಶಕ್ಕೆ ಅತಿಥಿಯ ವಾಸವು ಒಪ್ಪುವಂತಿರಬೇಕು. ಮೊಗಸಾಲೆಗೆ ಅದು ಒಪ್ಪಿತು, ಮಸೀದಿಯ ಒಳಾಂಗಣಕ್ಕೆ ಒಪ್ಪಲಿಲ್ಲ. ಅತಿಥಿಯು ಬಂದುದರಿಂದ ಊರಿನ ಜೀವನವು ಆ ಕಟ್ಟಡದಿಂದ ಹೊರಬೀಳಕೂಡದು. ಅತಿಥಿಯಿಂದ ಬಂದ ಆದಾಯದಲ್ಲಿ ಗೋಡೆಯ ಪಾಲು ಮೊದಲೇ ಗೊತ್ತಾಗಿರಬೇಕು. ಉಳಿದರೆ ನೋಡೋಣವೆಂದು ಬಿಟ್ಟ ದುರಸ್ತು ಎಲ್ಲಿಯೂ ನಡೆದುದಿಲ್ಲ. ಬಾಗಿಲಲ್ಲಿ ನಿಂತವನ ಜಾತಿ, ವರ್ಣ, ಪದವಿಗಳನ್ನು ನೋಡಿ ಅಗುಳಿಯನ್ನು ತೆಗೆಯುವ ಕ್ರಮವು ಮಾತ್ರ ಹಿಂದಿನಿಂದ ತೆಗೆದುಕೊಳ್ಳತಕ್ಕುದಲ್ಲ. ಆ ವಿಷಯದಲ್ಲಿ ಕೋಡಿಯಮಠದ ಶಾಸನವೇ ಹಿಂದಿನವರಿಗೂ ಇಂದಿನವರಿಗೂ ಮೇಲ್ಪಂಕ್ತಿಯಾಗಿರುವುದು.

ತಾಲ್ಲೂಕು ಊರುಗಳಲ್ಲಿ ಹಳೆಯ ಬಂಗಲೆಗಳ ಮುಂದೆ ‘ಪ್ರವಾಸಿ ಮಂದಿರ’ವೆಂಬ ಫಲಕವು ಕಾಣುವುದು. ಹೆಸರಿಟ್ಟವರು ‘ಮಂದಿರ’ಕ್ಕೆ ಮನೆಯೆಂಬ ಅರ್ಥವನ್ನೇ ಉದ್ದೇಶಿಸಿರಬಹುದು. ಆದರೂ ಮಂದಿರದ ಮೊಗಸಾಲೆಯಲ್ಲಿ ಪ್ರವಾಸಿಯು ಇಳಿಯುತ್ತಿದ್ದ ಸಂಪ್ರದಾಯವೊಂದು ಈ ನಾಡಿನಲ್ಲಿದ್ದುದನ್ನು ಆ ಎರಡು ಶಬ್ದಗಳು ಜೊತೆಗೂಡಿ ನೆನಪಿಗೆ ತರುವುವು. ಗ್ರಾಮಾಂತರಗಳಲ್ಲಿ ಇನ್ನೂ ಬೀಳದೆ ನಿಂತಿರುವ ಛತ್ರಗಳೂ ಕೆರೆಯ ಮಂಟಪಗಳೂ ಸಾಕಷ್ಟಿವೆ. ಅವುಗಳ ದತ್ತಿಶಾಸನಗಳನ್ನೂ ಕಡತಗಳನ್ನೂ ತಾಲ್ಲೂಕುವಾರಾಗಿ ಸಂಗ್ರಹಿಸಿ, ಯಾರು ಯಾವ ಉದ್ದೇಶಕ್ಕಾಗಿ ಕಟ್ಟಿಸಿದರೆಂಬುದನ್ನು ಮೊದಲು ತಿಳಿದು, ಅನಂತರ ಅವುಗಳ ಮುಂದಿನ ಬಳಕೆಯನ್ನು ಗೊತ್ತುಮಾಡುವುದು ವಿದ್ವಾಂಸರಿಗೂ ಸರ್ಕಾರಕ್ಕೂ ಸೇರಿದ ಕೆಲಸ. ಗೋಡೆಯು ಬಿದ್ದ ಮೇಲೆ ಶಾಸನವನ್ನು ಓದುವುದಕ್ಕಿಂತ ಶಾಸನವನ್ನು ಓದಿ ಗೋಡೆಯನ್ನು ನಿಲ್ಲಿಸುವುದು ಮೇಲು.